ಚಳಿಮಳೆಯಲ್ಲಿ ಹೊಸಬರ ದೋಣಿಪಂದ್ಯ

ಆಷಾಢ ಮಾಸದಲ್ಲಿ ಸಕಲೇಶಪುರದ ಕಡೆಯ ಬೆಟ್ಟಗಳ ಮೇಲೆ ಮಳೆ ಹಿಡಿಯಿತೆಂದರೆ ಹೇಮಾವತಿಯು ಕೆನ್ನೀರನ್ನು ಹೊತ್ತು ದಡದಿಂದ ದಡಕ್ಕೆ ತುಂಬಿ ಹರಿಯುವುದು ಹಾಸನ ಜಿಲ್ಲೆಯ ಜನರಿಗೆ ಹೊಸ ನೋಟವೇನೂ ಅಲ್ಲ. ಹಾಸನದ ಸಮೀಪದ ಬೂವನಹಳ್ಳಿಯೇ ಮೊದಲಾದ ಬಯಲು ಊರುಗಳವರಿಗೂ ಆ ಹೊಳೆಯು ಬಹು ದೂರದ್ದಲ್ಲ. ಹೊಳೆನರಸೀಪುರದವರಿಗಾದರೋ ಅದು ಊರಿನ ಹೆಸರಿನಲ್ಲಿಯೇ ಸೇರಿಕೊಂಡಿರುವುದು. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಹೊಳೆಯನ್ನು ದಾಟಬೇಕಾದವರಿಗೆ ಹರಿಗೋಲೇ ಗತಿಯಾಗಿದ್ದಿತು. ಮದುವೆಯ ದಿಬ್ಬಣವಾಗಲಿ, ಸಂತೆಯ ವ್ಯಾಪಾರಿಯಾಗಲಿ, ಎಷ್ಟೇ ಅವಸರಪಡಿಸಿದರೂ, ನೀರಿನ ಮುಖವನ್ನೊಮ್ಮೆ ನೋಡಿ "ಇಂದು ಆಗದು" ಎಂದು ಹೇಳುವ ಅಧಿಕಾರವು ಅಂಬಿಗನದು. ಆ ಮಾತಿಗೆ ಎದುರಾಡುವವರಿರಲಿಲ್ಲ. ಜನರು ದಡದಲ್ಲಿಯೇ ಬುತ್ತಿ ಬಿಚ್ಚಿ, ಹೊಳೆ ಇಳಿಯುವುದನ್ನು ಕಾಯುತ್ತಿದ್ದರು.

ಹೀಗೆ ಇಲ್ಲಿ ಹೊಳೆಯ ಮೇಲೆ ಹೋಗುವುದು ಅಗತ್ಯದ ಕೆಲಸವೇ ಹೊರತು ಆಟವಾಗಿರಲಿಲ್ಲ. ಆದರೆ ಇಂಗ್ಲೆಂಡಿನ ಎರಡು ಹಳೆಯ ವಿಶ್ವವಿದ್ಯಾನಿಲಯಗಳಲ್ಲಿ, ಎಂದರೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜ್‌ಗಳಲ್ಲಿ, ದೋಣಿಯನ್ನು ನಡೆಸುವುದು ಎರಡು ಶತಮಾನಗಳಿಂದ ವಿದ್ಯಾರ್ಥಿಜೀವನದ ಒಂದು ಅಂಗವಾಗಿ ಬೆಳೆದುಬಂದಿದೆ. ಅದರಲ್ಲಿಯೂ ಆಶ್ಚರ್ಯವಾದ ಸಂಗತಿಯೊಂದುಂಟು. ಹಿಂದೆಂದೂ ಹುಟ್ಟು ಹಿಡಿಯದ ತರುಣರನ್ನು ಅಲ್ಲಿಯವರು ದೋಣಿಗೆ ಹತ್ತಿಸುವುದು ಬೇಸಗೆಯ ತಿಳಿನೀರಿನಲ್ಲಲ್ಲ. ಕಾಲೇಜಿನ ಮೊದಲ ಅವಧಿಯು ಅಕ್ಟೋಬರಿನಲ್ಲಿ ತೊಡಗುವುದರಿಂದ, ಹೊಸಬರ ಕಲಿಕೆಯೂ ಅವರ ಮೊದಲ ಪಂದ್ಯಗಳೂ ವರ್ಷದ ಅತಿ ಕೆಟ್ಟ ಹವೆಯಲ್ಲಿ, ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ಚಳಿಮಳೆಯಲ್ಲಿ, ನಡೆಯುವುವು. ಈ ಪದ್ಧತಿಯು ಹೇಗೆ ಬಂದಿತು, ಅದರಿಂದ ಆದ ಲಾಭವೇನು, ಅದಕ್ಕಾಗಿ ತೆತ್ತ ಬೆಲೆಯೇನು ಎಂಬುದು ವಿಚಾರಮಾಡತಕ್ಕ ವಿಷಯ.

ಮೊದಲು ದೋಣಿಯ ಸ್ವರೂಪವನ್ನು ತಿಳಿಯಬೇಕು. ಕನ್ನಡನಾಡಿನ ಹರಿಗೋಲು ಬಿದಿರಿನಿಂದ ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯಲ್ಲಿ ಇಂತಹ ಹರಿಗೋಲುಗಳನ್ನು ಕಂಡು, ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನರು ಹಿಡಿಯುವರೆಂದೂ, ಬೇಕಾದರೆ ಕುದುರೆ ಎತ್ತುಗಳನ್ನು ಕೂಡ ಅದರಲ್ಲಿ ದಾಟಿಸುವರೆಂದೂ ಬರೆದಿಟ್ಟಿದ್ದಾನೆ. ಹರಿಗೋಲು ಸುತ್ತೀತು, ತೇಲೀತು, ಸುಲಭವಾಗಿ ಮಗುಚದು. ಇಂಗ್ಲೆಂಡಿನ ಪಂದ್ಯದ ದೋಣಿಯು ಇದಕ್ಕೆ ತೀರ ವಿರುದ್ಧವಾದುದು. ಅದರ ಉದ್ದ ಹೆಚ್ಚುಕಡಮೆ 18 ಮೀಟರು. ಅಗಲವಾದರೋ ಒಬ್ಬ ಮನುಷ್ಯನು ಕುಳಿತುಕೊಳ್ಳುವಷ್ಟು ಮಾತ್ರ. ಒಬ್ಬರ ಹಿಂದೊಬ್ಬರಂತೆ ಎಂಟು ಜನ ಕುಳಿತು, ಒಬ್ಬೊಬ್ಬರು ಒಂದೊಂದು ಉದ್ದನೆಯ ಹುಟ್ಟನ್ನು ಎಳೆಯುವರು. ಹುಟ್ಟನ್ನು ಆನಿಸುವುದಕ್ಕಾಗಿ ದೋಣಿಯ ಹೊರಕ್ಕೆ ಚಾಚಿದ ಲೋಹದ ಕಂಬಿಗಳು 1846ರಲ್ಲಿಯೂ, ಕಾಲಿನ ಬಲವನ್ನೂ ಕೂಡಿಸಿಕೊಳ್ಳುವುದಕ್ಕಾಗಿ ಹಿಂದಕ್ಕೂ ಮುಂದಕ್ಕೂ ಜಾರುವ ಪೀಠಗಳು 1873ರಲ್ಲಿಯೂ ಎರಡು ವಿಶ್ವವಿದ್ಯಾನಿಲಯಗಳ ನಡುವಣ ಪಂದ್ಯದಲ್ಲಿ ಬಳಕೆಗೆ ಬಂದುವು. ದೋಣಿಯು ಹಗುರವಾದಷ್ಟೂ ವೇಗ ಹೆಚ್ಚಿತು. ವೇಗ ಹೆಚ್ಚಿದಷ್ಟೂ ಅದು ನೀರಿನ ಅಲೆಗೆ ಸಹಿಸದ ವಸ್ತುವಾಯಿತು.

ಈ ಎಂಟು ಮಂದಿಯೂ ದೋಣಿಯು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುವರು. ದಾಟಿ ಬಂದ ನೀರು ಅವರಿಗೆ ಕಾಣುವುದು; ದಾಟಬೇಕಾದ ನೀರು ಕಾಣುವುದಿಲ್ಲ. ಹಿಂಬದಿಯಲ್ಲಿ ಚುಕ್ಕಾಣಿಯ ಹಗ್ಗವನ್ನು ಹಿಡಿದು ಎದುರುಮುಖವಾಗಿ ಕುಳಿತ ಒಂಬತ್ತನೆಯವನೊಬ್ಬನೇ ಮುಂದನ್ನು ನೋಡತಕ್ಕವನು. ಇವನನ್ನು ಕಾಕ್ಸ್ ಎಂದು ಕರೆಯುವರು. ಭಾರವು ಕಡಮೆಯಾಗಿರಬೇಕೆಂದು ಸಾಮಾನ್ಯವಾಗಿ ಸಣ್ಣ ಮೈಯವರನ್ನೇ ಈ ಸ್ಥಾನಕ್ಕೆ ಆರಿಸುವರು. ಎಂಟು ಬಲಶಾಲಿಗಳ ಪ್ರಾಣವು ಒಬ್ಬ ಕೃಶಾಂಗನ ಕಣ್ಣನ್ನು ನಂಬಿರುವುದು. ತಂಡದವರೂ ಹೊಸಬರು, ಕಾಕ್ಸನೂ ಹೊಸಬನಾದರೆ ಆಗತಕ್ಕ ಅವಸ್ಥೆಯನ್ನು ವಾಚಕರು ಊಹಿಸಬಹುದು.

ಕಾಲೇಜುಗಳ ದೋಣಿಪಂದ್ಯವು ಆಕ್ಸ್‌ಫರ್ಡಿನಲ್ಲಿ 1815ರಲ್ಲಿ ಬ್ರೇಸ್‌ನೋಸ್ ಮತ್ತು ಜೀಸಸ್ ಎಂಬ ಎರಡು ಕಾಲೇಜುಗಳ ನಡುವೆ ಮೊದಲಾಯಿತು. ಅಲ್ಲಿ ಐಸಿಸ್ ಎಂದು ಕರೆಯಲ್ಪಡುವ ಥೇಮ್ಸ್ ನದಿಯು ಇಕ್ಕಟ್ಟಾದುದು. ಎರಡು ದೋಣಿಗಳು ಪಕ್ಕಪಕ್ಕದಲ್ಲಿ ಬಹು ದೂರ ಓಡುವುದು ಕಷ್ಟ. ಆದುದರಿಂದ ದೋಣಿಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿ, ಗುಂಡು ಹಾರಿಸಿದೊಡನೆ ಎಲ್ಲವೂ ಹೊರಟು, ಹಿಂದಿನ ದೋಣಿಯು ಮುಂದಿನದನ್ನು ತಾಕಲು ಯತ್ನಿಸುವ ಪದ್ಧತಿ ಬಂದಿತು. ತಾಕಿದ ದೋಣಿಯು ಮರುದಿನ ಒಂದು ಸ್ಥಾನ ಮೇಲೇರುವುದು. ತಾಕಿಸಿಕೊಂಡದ್ದು ಒಂದು ಸ್ಥಾನ ಕೆಳಗಿಳಿಯುವುದು. ಕೇಂಬ್ರಿಡ್ಜಿನ ಕ್ಯಾಮ್ ಎಂಬ ಕಿರುಹೊಳೆಯಲ್ಲಿ ಇದೇ ಕ್ರಮವು 1827ರಲ್ಲಿ ತೊಡಗಿತು. ಎರಡು ವಿಶ್ವವಿದ್ಯಾನಿಲಯಗಳ ನಡುವಣ ಪ್ರಸಿದ್ಧ ಪಂದ್ಯವು 1829ನೆಯ ಜೂನ್ 10ರಂದು ಹೆನ್ಲಿ ಎಂಬಲ್ಲಿ ಮೊದಲ ಬಾರಿಗೆ ನಡೆಯಿತು. ಹ್ಯಾರೋ ಶಾಲೆಯಲ್ಲಿ ಗೆಳೆಯರಾಗಿದ್ದು, ಬಳಿಕ ಬೇರೆ ಬೇರೆ ವಿಶ್ವವಿದ್ಯಾನಿಲಯಗಳನ್ನು ಸೇರಿದ ಚಾರ್ಲ್ಸ್ ವರ್ಡ್ಸ್‌ವರ್ತ್ ಮತ್ತು ಚಾರ್ಲ್ಸ್ ಮೆರಿವೇಲ್ ಎಂಬಿಬ್ಬರು ಅದಕ್ಕೆ ಕಾರಣರು. ಮೊದಲನೆಯವನು ಕವಿ ವರ್ಡ್ಸ್‌ವರ್ತನ ಸೋದರನ ಮಗ. ಆ ಪಂದ್ಯದಲ್ಲಿ ಆಕ್ಸ್‌ಫರ್ಡಿನವರು ಗೆದ್ದರು.

ಕಾಲೇಜುಗಳಲ್ಲಿ ಉತ್ಸಾಹ ಹೆಚ್ಚಿದಂತೆ ಒಂದೊಂದು ಕಾಲೇಜು ಎರಡನೆಯ, ಮೂರನೆಯ ದೋಣಿಗಳನ್ನೂ ಇಳಿಸತೊಡಗಿತು. ಬೇಸಗೆಯ ಪಂದ್ಯಗಳು ನುರಿತವರ ಪಾಲಾದುವು. ಎರಡನೆಯ ದರ್ಜೆಯ ದೋಣಿಗಳಿಗೆ ಚಳಿಗಾಲವು ಉಳಿಯಿತು. ಆಕ್ಸ್‌ಫರ್ಡಿನಲ್ಲಿ ಇವುಗಳಿಗೆ 'ಟಾರ್ಪಿಡ್' ಎಂದರೆ ಜಡವಾದವು ಎಂಬ ಹಾಸ್ಯದ ಹೆಸರು ಬಿದ್ದು, ಅದೇ ಆ ಪಂದ್ಯದ ಹೆಸರಾಗಿ ನಿಂತಿತು. ಕೇಂಬ್ರಿಡ್ಜಿನಲ್ಲಿ ಇದಕ್ಕೆ ಸಮನಾದುದು ಲೆಂಟ್ ಅವಧಿಯ ಪಂದ್ಯ. ಇವೆರಡೂ ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ನಡೆಯುವುವು. ಇವಕ್ಕೂ ಮೊದಲು, ವರ್ಷದ ಮೊದಲ ಅವಧಿಯಲ್ಲಿಯೇ, ಅಪ್ಪಟ ಹೊಸಬರಿಗಾಗಿ ಬೇರೆ ಪಂದ್ಯಗಳು ಏರ್ಪಟ್ಟುವು. ಆಕ್ಸ್‌ಫರ್ಡಿನಲ್ಲಿ ಕ್ರೈಸ್ಟ್ ಚರ್ಚ್ ಕಾಲೇಜಿನ ಹೆಸರಿನ ಪಂದ್ಯವು ನವೆಂಬರ್ ತಿಂಗಳಿನದು. ಕೇಂಬ್ರಿಡ್ಜಿನಲ್ಲಿ ಅವಧಿಯ ಕೊನೆಗೆ ಬರುವ ಫೇರ್‌ಬೇರ್ನ್ ಪಂದ್ಯದಲ್ಲಿ ನುರಿತವರೊಡನೆ ಹೊಸಬರ ತಂಡಗಳೂ ಕಾಲದ ಎದುರು ಓಡುವುವು. ಈ ಫೇರ್‌ಬೇರ್ನನು 1862ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿ, ಕೇಂಬ್ರಿಡ್ಜಿನ ಜೀಸಸ್ ಕಾಲೇಜಿಗೆ ಬಂದು, 1938ರಲ್ಲಿ ತೀರಿಕೊಳ್ಳುವವರೆಗೂ ದೋಣಿವಿದ್ಯೆಗೆ ಗುರುವಾಗಿದ್ದವನು. ಬೆನ್ನು ಇಂತಿರಬೇಕು, ತೋಳು ಇಂತಿರಬೇಕು ಎಂಬ ಭಂಗಿಯ ಪಾಠಕ್ಕಿಂತ, ನೀರಿನಲ್ಲಿ ಹುಟ್ಟು ಮಾಡುವ ಕೆಲಸದ ಮೇಲೆ ಮನಸ್ಸಿಡುವುದು ಮುಖ್ಯವೆಂದೂ, ಮೈಲಿಗಟ್ಟಲೆ ದೋಣಿ ನಡೆಸಿದಲ್ಲದೆ ವಿದ್ಯೆ ಬಾರದೆಂದೂ ಅವನ ಮತವಾಗಿದ್ದಿತು. ಚಳಿಗಾಲದ ದೀರ್ಘಾಭ್ಯಾಸಕ್ಕೆ ಈ ಮತದಿಂದ ಒಂದು ಶಾಸ್ತ್ರಾಧಾರವೇ ದೊರೆತಂತಾಯಿತು.

ಹೊಸಬರ ಕಲಿಕೆಯ ಕಾಲವು ಆರೇಳು ವಾರಗಳು ಮಾತ್ರ. ಪಾಠಗಳಿಗೆ ಅಡ್ಡಿಯಾಗಬಾರದಾದುದರಿಂದ ಅಭ್ಯಾಸವು ಅನೇಕ ವೇಳೆ ಬೆಳಗಿನ ಜಾವದಲ್ಲಿ ನಡೆಯುವುದು. ನವೆಂಬರಿನಲ್ಲಿ ಅಲ್ಲಿ ಸೂರ್ಯನು ಏಳು ಗಂಟೆಯ ಮೇಲೆ ಹುಟ್ಟಿ, ನಾಲ್ಕು ಗಂಟೆಯ ಸುಮಾರಿಗೆ ಮುಳುಗುವನು. ಮಂಜು ಕವಿದಿರುವ ಹೊತ್ತಿನಲ್ಲಿ ಎಂಟು ಜನರು ದೋಣಿಯನ್ನು ಹೆಗಲ ಮೇಲೆ ಹೊತ್ತು ತಂದು ನೀರಿಗಿಳಿಸುವರು. ಎಂಟು ಹುಟ್ಟುಗಳೂ ಒಂದೇ ಕ್ಷಣದಲ್ಲಿ ನೀರಿಗಿಳಿದು ಒಂದೇ ಕ್ಷಣದಲ್ಲಿ ಮೇಲೇಳಬೇಕು. ಒಬ್ಬನು ತಡಮಾಡಿದರೆ ದೋಣಿಯು ಪಕ್ಕಕ್ಕೆ ವಾಲಿ ಉಳಿದ ಏಳು ಜನರ ಕೆಲಸವೂ ಕೆಡುವುದು. ಅಲಗು ಓರೆಯಾಗಿ ನೀರಿಗಿಳಿದರೆ ಹೊಳೆಯೇ ಹುಟ್ಟನ್ನು ಹಿಡಿದು ಸೆಳೆದು, ಹಿಡಿಯು ಎಳೆಯುವವನ ಎದೆಗೆ ಬಡಿಯುವುದು. ಇದನ್ನು ಅಲ್ಲಿನವರು 'ಏಡಿ ಹಿಡಿಯುವುದು' ಎನ್ನುವರು. ಹೊಸಬರ ಪಂದ್ಯದಲ್ಲಿ ಏಡಿ ಹಿಡಿಯದ ತಂಡ ಅಪೂರ್ವ. ಮಳೆ ಸುರಿಯುತ್ತಿರುವಾಗ ಹುಟ್ಟಿನ ಹಿಡಿ ಜಾರುವುದು, ಬೆರಳುಗಳು ಮರಗಟ್ಟುವುವು, ತಮ್ಮ ಸರದಿಗಾಗಿ ತೊಯ್ದ ಬಟ್ಟೆಯಲ್ಲಿ ಕಾಯುತ್ತ ಕುಳಿತಿರುವಾಗಲೇ ಮೈಯ ಶಾಖವೆಲ್ಲ ಹೋಗಿಬಿಡುವುದು. ಪಂದ್ಯವಾದರೋ ಕೆಲವು ನಿಮಿಷಗಳಲ್ಲಿ ಮುಗಿಯುವುದು. ಸೋತವರಿಗೂ ಗೆದ್ದವರಿಗೂ ನಡುಕ ಒಂದೇ.

ಹಾಗಾದರೆ ಇದರ ಫಲವೇನು? ಬೇರೆ ಆಟಗಳಲ್ಲಿ ಒಬ್ಬ ಚತುರನು ತಂಡವನ್ನು ಗೆಲ್ಲಿಸಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಒಬ್ಬನೇ ಹೆಚ್ಚಾಗಿ ಎಳೆದರೆ ದೋಣಿಯು ದಾರಿ ತಪ್ಪುವುದೇ ಹೊರತು ಮುಂದೆ ಹೋಗುವುದಿಲ್ಲ. ಒಂದೇ ನೊಗಕ್ಕೆ ಹೂಡಿದ ಎತ್ತುಗಳ ಹೆಜ್ಜೆ ಕೂಡಬೇಕೆಂಬುದು ಬೇಸಾಯಗಾರನಿಗೆ ಗೊತ್ತು. ಎಂಟು ಜನ ಅಪರಿಚಿತರು ಆರು ವಾರಗಳಲ್ಲಿ ಆ ಹೆಜ್ಜೆಯನ್ನು ಕಲಿಯುವುದು ಸಾಮಾನ್ಯವಾದ ಶಿಕ್ಷಣವಲ್ಲ. ಈ ಗುಣಕ್ಕಾಗಿಯೇ ಪದ್ಧತಿಯು ಉಳಿದುಬಂದಿತು. ಹೆಣ್ಣುಮಕ್ಕಳೂ ಇದರಲ್ಲಿ ಹಿಂದುಳಿಯಲಿಲ್ಲ. ಎರಡು ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿನಿಯರು 1927ರಲ್ಲಿ ಮೊದಲ ಬಾರಿಗೆ ಸ್ಪರ್ಧಿಸಿದಾಗ, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಓಡಿಸದೆ, ವೇಗ ಮತ್ತು ಶೈಲಿಗಳೆರಡನ್ನೂ ನೋಡಿ ತೀರ್ಪು ಕೊಡಲಾಯಿತು. ಗಂಡಸರು ಓಡುವ ಲಂಡನ್ನಿನ ಜಲಮಾರ್ಗದಲ್ಲಿ, ಅವರು ಓಡುವ ದಿನದಂದೇ, ಓಡುವ ಅವಕಾಶವು ಅವರಿಗೆ 2015ರಲ್ಲಿ ದೊರೆಯಿತು.

ಆದರೆ ನೀರು ಕಲಿಸತಕ್ಕ ಪಾಠಗಳು ಎರಡು. ಕೂಡಿ ಎಳೆಯುವುದು ಮೊದಲನೆಯದು. ಎಳೆಯದೆ ದಡದಲ್ಲಿ ನಿಲ್ಲುವುದು ಎರಡನೆಯದು. ಮೊದಲನೆಯದನ್ನು ಅವರು ಬೇಗನೆ ಕಲಿತರು. ಎರಡನೆಯದಕ್ಕೆ ಬಹುಕಾಲ ಹಿಡಿಯಿತು.

ನುರಿತವರ ಚರಿತ್ರೆಯೇ ಇದಕ್ಕೆ ಸಾಕ್ಷಿ. ವಿಶ್ವವಿದ್ಯಾನಿಲಯಗಳ ಪಂದ್ಯವು 1845ರಿಂದ ಲಂಡನ್ನಿನ ಪಟ್ನಿಯಿಂದ ಮಾರ್ಟ್‌ಲೇಕಿನವರೆಗಿನ ಸುಮಾರು 6.8 ಕಿಲೋಮೀಟರ್ ನೀರಿನಲ್ಲಿ ನಡೆಯತೊಡಗಿತು. ಅಲ್ಲಿಯವರೆಗೂ ಸಮುದ್ರದ ಉಬ್ಬರವು ಬರುವುದು. ಉಬ್ಬರದ ಪ್ರವಾಹಕ್ಕೆ ಎದುರಾಗಿ ಗಾಳಿ ಬೀಸಿದರೆ ಅಲೆಗಳು ಕಡಿದಾಗಿ ಎದ್ದು ದೋಣಿಯೊಳಕ್ಕೆ ನುಗ್ಗುವುವು. 1859ರಲ್ಲಿ ಕೇಂಬ್ರಿಡ್ಜಿನ ದೋಣಿಯು ಬಿರುಗಾಳಿಗೆ ಸಿಕ್ಕಿ ಮುಳುಗಿತು. 1912ನೆಯ ಮಾರ್ಚ್ 30ರಂದು ಎರಡು ದೋಣಿಗಳೂ ನೀರು ತುಂಬಿ ಕೆಟ್ಟುವು. ಏಪ್ರಿಲ್ 1ರಂದು ಮತ್ತೆ ಪಂದ್ಯ ನಡೆಸಬೇಕಾಯಿತು. 1925ರಲ್ಲಿ ಆಕ್ಸ್‌ಫರ್ಡಿನ ದೋಣಿಗೆ ನೀರು ತುಂಬಿತು. 1951ರಲ್ಲಿ ಅವರದೇ ದೋಣಿಯು ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಮುಳುಗಿ, ಎರಡು ದಿನಗಳ ಮೇಲೆ ಮರುಪಂದ್ಯವಾಯಿತು. 1978ರಲ್ಲಿ ಮತ್ತೆ ಕೇಂಬ್ರಿಡ್ಜಿನವರ ಸರದಿ. ದೋಣಿಯ ಒಳಗಿನ ನೀರನ್ನು ಹೊರಹಾಕುವ ಯಂತ್ರಗಳು ಬಂದಮೇಲೆ ಕೂಡ, 2016ರಲ್ಲಿ ಕೇಂಬ್ರಿಡ್ಜಿನ ವಿದ್ಯಾರ್ಥಿನಿಯರು ಅರ್ಧ ಮುಳುಗಿದ ದೋಣಿಯಲ್ಲಿಯೇ ಗುರಿ ಮುಟ್ಟಿದರು. ವರ್ಷವಿಡೀ ಅಭ್ಯಾಸ ಮಾಡಿದ ಅತ್ಯುತ್ತಮ ತಂಡಗಳ ಗತಿಯೇ ಇದಾದರೆ, ಆರು ವಾರದ ಕಲಿಕೆಯವರ ಮಾತನ್ನು ಹೇಳತಕ್ಕದ್ದೇನಿದೆ? ಲಂಡನ್ನಿನ ಪಂದ್ಯಗಳಲ್ಲಿ ರಕ್ಷಣೆಯ ದೋಣಿಗಳು ಹಿಂದೆಯೇ ಬರುತ್ತಿದ್ದುವು. ಮುಳುಗಿದವರ ಚಿತ್ರಗಳನ್ನು ನೋಡಿ ಜನರು ನಕ್ಕರು. ನಗುವಿನ ಹಿಂದೆ ಇದ್ದ ಅಪಾಯವು ಬೇರೆ ಕಡೆ ಕಾಣಿಸಿಕೊಂಡಿತು.

1888ರಲ್ಲಿ ಕೇಂಬ್ರಿಡ್ಜಿನ ಲೆಂಟ್ ಪಂದ್ಯದಲ್ಲಿ ಒಂದು ದೋಣಿಯ ಚೂಪಾದ ಮೂತಿಯು ಕ್ಲೇರ್ ಕಾಲೇಜಿನ ದೋಣಿಯಲ್ಲಿದ್ದ ವಿದ್ಯಾರ್ಥಿಯೊಬ್ಬನ ಎದೆಗೆ ನಾಟಿ, ಅವನು ಪ್ರಾಣಬಿಟ್ಟನು. ಒಂದು ದೋಣಿಯನ್ನು ಇನ್ನೊಂದು ತಾಕಲೇಬೇಕೆಂಬ ಪಂದ್ಯದಲ್ಲಿ ಮೂತಿಯನ್ನು ಈಟಿಯಂತೆ ಬಿಟ್ಟಿದ್ದುದು ಎಷ್ಟು ಅವಿವೇಕವೆಂಬುದು ಆಗ ಎಲ್ಲರಿಗೂ ಹೊಳೆಯಿತು. ಅಂದಿನಿಂದ ದೋಣಿಯ ಮೂತಿಗೆ ರಬ್ಬರಿನ ಚೆಂಡೊಂದನ್ನು ಸಿಕ್ಕಿಸುವ ನಿಯಮವು ಬಂದಿತು. ಇಂದು ಲೋಕದ ಯಾವ ಪಂದ್ಯದ ದೋಣಿಯನ್ನು ನೋಡಿದರೂ ಅದರ ತುದಿಯಲ್ಲಿ ಆ ಪುಟ್ಟ ಬಿಳಿಯ ಚೆಂಡು ಕಾಣುವುದು. ನೋಡುವವರು ಅದನ್ನು ಅಲಂಕಾರವೆಂದು ತಿಳಿಯಬಹುದು. ಅದು ಒಬ್ಬ ತರುಣನ ಸ್ಮಾರಕ.

ಇನ್ನೊಂದು ದುರಂತವು ತೀರ ಈಚಿನದು. 2000ನೆಯ ಡಿಸೆಂಬರ್ 29ರಂದು ಆಕ್ಸ್‌ಫರ್ಡಿನ ತಂಡವೊಂದು ಸ್ಪೇನ್ ದೇಶದ ಎಬ್ರೋ ನದಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹವೆ ಕೆಟ್ಟು, ಅಲೆಗಳೆದ್ದು, ದೋಣಿಗೆ ನೀರು ತುಂಬಿತು. ಪೀಠಗಳ ಕೆಳಗೆ ಗಾಳಿಯನ್ನು ಹಿಡಿದಿಡುವ ಮುಚ್ಚಿದ ಅಂಕಣಗಳಿರಲಿಲ್ಲವಾದುದರಿಂದ, ಅದು ಅಷ್ಟು ಜನರನ್ನು ಹೊತ್ತು ತೇಲಲಾರದೆ ಹೋಯಿತು. ಅವರು ಈಜಿ ದಡ ಸೇರಲು ಹೊರಟರು. 21 ವರ್ಷದ ಒಬ್ಬನು ಸೇರಲಿಲ್ಲ. ಅವನು ಹೊಸಬನಲ್ಲ, ಅಶಕ್ತನೂ ಅಲ್ಲ. ತಣ್ಣೀರಿನಲ್ಲಿ ಬಿದ್ದವನಿಗೆ ಮೊದಲು ಉಸಿರು ಏದುವುದು. ಕೆಲವೇ ನಿಮಿಷಗಳಲ್ಲಿ ಕೈಕಾಲುಗಳ ಸ್ವಾಧೀನ ತಪ್ಪುವುದು. ಒಳ್ಳೆಯ ಈಜುಗಾರನೂ ಹತ್ತಿರದ ದಡವನ್ನು ಮುಟ್ಟಲಾರದೆ ಹೋಗುವನು. ಅವನ ತಂದೆತಾಯಿಗಳು ದುಃಖವನ್ನು ನುಂಗಿಕೊಂಡು ಸುಮ್ಮನಾಗದೆ, ನೀರು ತುಂಬಿದರೂ ತೇಲಬಲ್ಲ ದೋಣಿಗಳೇ ಎಲ್ಲೆಡೆಯೂ ಬರಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಅನಂತರದ ವರ್ಷಗಳಲ್ಲಿ ಅಂತಹ ನಿಯಮಗಳು ಬಂದುವು. ದೋಣಿಯನ್ನು ಬಿಟ್ಟು ಈಜಲು ಹೊರಡಬಾರದು, ಅದನ್ನೇ ಹಿಡಿದುಕೊಂಡಿರಬೇಕು ಎಂಬುದು ಈಗ ಪ್ರತಿಯೊಬ್ಬ ಹೊಸಬನಿಗೂ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು.

ಈಗ ಐಸಿಸ್ ನದಿಯ ದಡದಲ್ಲಿ ದಿನದಿನವೂ ನೀರಿನ ಸ್ಥಿತಿಯನ್ನು ಸೂಚಿಸುವ ಬಣ್ಣದ ಬಾವುಟಗಳುಂಟು. ಹಸುರು ಇದ್ದರೆ ಎಲ್ಲರಿಗೂ ಅಪ್ಪಣೆ. ಸೆಳೆತ ಹೆಚ್ಚಿದಂತೆ ಬಣ್ಣವು ಬದಲಾಗುತ್ತ, ಮೊದಲು ಹೊಸಬರನ್ನೂ ಆಮೇಲೆ ಇತರರನ್ನೂ ತಡೆಯುವುದು. ಕೆಂಪು ಹಾರಿದರೆ ಯಾರೂ ನೀರಿಗಿಳಿಯಕೂಡದು. ಕ್ಯಾಮ್ ನದಿಯಲ್ಲಿಯೂ ಇಂತಹ ಏರ್ಪಾಡೇ ಇದೆ. ಈಜು ಬಾರದವನಿಗೆ ದೋಣಿಯಲ್ಲಿ ಸ್ಥಾನವಿಲ್ಲ. ಪ್ರವಾಹ ಬಂದ ವರ್ಷಗಳಲ್ಲಿ ಚಳಿಗಾಲದ ಪಂದ್ಯಗಳನ್ನು ಮೊಟಕುಮಾಡುವುದೂ, ಪೂರ್ತಿಯಾಗಿ ಬಿಟ್ಟುಬಿಡುವುದೂ ಉಂಟು. ಆರು ವಾರ ಬೆಳಗಿನ ನಿದ್ರೆಗೆಟ್ಟು ಕಲಿತ ಮಕ್ಕಳಿಗೆ ಪಂದ್ಯದ ಹಿಂದಿನ ದಿನ "ನಾಳೆ ಇಲ್ಲ" ಎಂಬ ಮಾತು ಬಂದಾಗ ಆಗುವ ನಿರಾಶೆ ಅಲ್ಪವಲ್ಲ. ಆದರೂ ಆ ಮಾತನ್ನು ಹೇಳಬಲ್ಲ ಧೈರ್ಯವೇ ಎರಡು ಶತಮಾನಗಳ ಅನುಭವದ ಸಾರವೆಂದು ತೋರುವುದು.

ಭಾರತಕ್ಕೂ ಈ ಆಟವು ಆಂಗ್ಲೇಯರೊಡನೆ ಬಂದಿತು. ಕಲ್ಕತ್ತೆಯಲ್ಲಿ 1858ರಲ್ಲಿಯೂ, ಮದರಾಸಿನಲ್ಲಿ 1867ರಲ್ಲಿಯೂ ಅವರ ದೋಣಿಸಂಘಗಳು ಸ್ಥಾಪಿತವಾದುವು. ಕನ್ನಡಿಗರಿಗೆ ಸಮೀಪವಾದ ಕಾಲೇಜಿನ ಸಂಘವೆಂದರೆ ಪುಣೆಯ ಇಂಜಿನಿಯರಿಂಗ್ ಕಾಲೇಜಿನದು. ಸರ್ ಎಂ. ವಿಶ್ವೇಶ್ವರಯ್ಯನವರು 1883ರಲ್ಲಿ ತೇರ್ಗಡೆಯಾದದ್ದು ಆ ವಿದ್ಯಾಲಯದಿಂದಲೇ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಮೊದಲಾದ ಜಿಲ್ಲೆಗಳ ತರುಣರೂ ಆ ವಿದ್ಯೆಗಾಗಿ ಅಲ್ಲಿಗೆ ಹೋಗುತ್ತಿದ್ದರು. ಮುಳಾ ನದಿಯ ದಡದಲ್ಲಿ ಅಲ್ಲಿನ ವಿದ್ಯಾರ್ಥಿಗಳ ದೋಣಿಸಂಘವು 1928ರಲ್ಲಿ ಏರ್ಪಟ್ಟಿತು. ಕರ್ನಾಟಕದಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದರಾಸು ಇಂಜಿನಿಯರ್ ದಳದ ಯೋಧರು ಈ ದೋಣಿಗಳಲ್ಲಿ ಅಭ್ಯಾಸ ಮಾಡಿ ಹೆಸರು ಪಡೆದಿದ್ದಾರೆ.

ಹಾಸನ ಜಿಲ್ಲೆಗೆ ಇಂತಹ ಪಂದ್ಯವು ಬಂದಿಲ್ಲ. ಆದರೆ ನೀರು ಬಂದಿದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣಗೊಂಡಮೇಲೆ, ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಹೇಮಾವತಿಯ ತೀರದಲ್ಲಿ' ಎಂದು ಹೆಸರಿಟ್ಟು ಬರೆದ ಹೊಳೆಯು ವಿಶಾಲವಾದ ಜಲರಾಶಿಯಾಗಿ ಹರಡಿದೆ. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ಮಳೆಗಾಲದಲ್ಲಿ ಅದರೊಳಗೆ ಅರ್ಧ ಮುಳುಗಿ ನಿಲ್ಲುವುದು. ಅದನ್ನು ನೋಡುವುದಕ್ಕೆಂದು ಮಳೆಯಲ್ಲಿಯೇ ಹೊರಡುವ ತರುಣರು ಕಡಮೆಯಲ್ಲ. ನೀರಿನ ದಡದಲ್ಲಿ ಉತ್ಸಾಹವಿದೆ, ಅಂಬಿಗನಿಲ್ಲ. ಮುಂದೆ ಎಂದಾದರೂ ಇಲ್ಲಿನ ಕಾಲೇಜುಗಳ ಮಕ್ಕಳು ಆ ನೀರಿನ ಮೇಲೆ ದೋಣಿಯನ್ನು ನಡೆಸುವ ದಿನ ಬಂದರೆ ಅದು ಸಂತೋಷದ ದಿನವೇ ಸರಿ. ಅಂದು ದೋಣಿಯನ್ನು ತರುವುದಕ್ಕೆ ಮೊದಲು ಬಾವುಟವನ್ನು ನೆಡುವುದು ಒಳಿತು. ಆಕ್ಸ್‌ಫರ್ಡಿನವರು ಪ್ರಾಣವನ್ನು ತೆತ್ತು ಕಲಿತುದನ್ನು ಹೇಮಾವತಿಯ ಅಂಬಿಗನು ಪುಸ್ತಕವಿಲ್ಲದೆಯೇ ಬಲ್ಲವನಾಗಿದ್ದನು. ಹುಟ್ಟನ್ನು ಹಿಡಿಯುವುದನ್ನು ಆರು ವಾರಗಳಲ್ಲಿ ಕಲಿಯಬಹುದು. ಹೊಳೆಯ ಮುಖ ನೋಡಿ ಅದನ್ನು ಕೆಳಗಿಡುವುದನ್ನು ಕಲಿತವನೇ ನಿಜವಾಗಿ ನುರಿತವನು.